ಕೇಳದೆ ಮಾಡಿದ ಉಪಕಾರ

ನಮ್ಮ ಸೋದರತ್ತೆಯವರನ್ನು ವೃದ್ಧಾಶ್ರಮಕ್ಕೆ ಸೇರಿಸಿ ಎರಡು ವರ್ಷಗಳಾದುವು. ಹೀಗೆಂದೊಡನೆ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂದು ಬಲ್ಲೆ. ಅವರಿಗೆ ಮಕ್ಕಳಿಲ್ಲ, ತೊಡೆಯ ಎಲುಬು ಮುರಿದ ಮೇಲೆ ಹಗಲಿರುಳೂ ಎತ್ತಿ ಇಳಿಸುವವರು ಬೇಕಾಯಿತು, ಮನೆಯಲ್ಲಿರುವ ನಾವಿಬ್ಬರೂ ಅರುವತ್ತು ದಾಟಿದವರು. ಸೇರಿಸಿದುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಸೇರಿಸಿದ ಮೇಲೆ ನನ್ನಿಂದ ನಡೆದ ಒಂದು ತಪ್ಪನ್ನು ಹೇಳಬೇಕಾಗಿದೆ.

ಆಶ್ರಮವು ಚೊಕ್ಕಟವಾದುದು. ಊಟ ಹೊತ್ತಿಗೆ ಸರಿಯಾಗಿ ದೊರೆಯುತ್ತದೆ, ಆಯಾಗಳು ಒರಟರಲ್ಲ. ಒಂದು ದಿನ ಅಲ್ಲಿಂದ ನನಗೆ ಫೋನು ಬಂದಿತು: "ಅಜ್ಜಿಯ ತಲೆ ತೊಳೆದು ಒಣಗಿಸುವುದು ಕಷ್ಟವಾಗುತ್ತಿದೆ. ಕೂದಲನ್ನು ಗಿಡ್ಡವಾಗಿ ಕತ್ತರಿಸಿಬಿಡಬಹುದೇ?" ನಾನು ಯಾವುದೋ ಕೆಲಸದ ಗಡಿಬಿಡಿಯಲ್ಲಿದ್ದೆ. "ಧಾರಾಳವಾಗಿ ಮಾಡಿ" ಎಂದೆ. ಮಾತುಕತೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಭಾನುವಾರ ಹೋಗಿ ನೋಡಿದೆ. ಅತ್ತೆಯವರು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಿದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದು, ಆ ಅರ್ಧ ನಿಮಿಷ ನಾನು ಮಾತ್ರ ಮರೆತಿದ್ದ ಸಂಗತಿಯೊಂದುಂಟು. 1963ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ ಅವರು ವಿಧವೆಯಾದಾಗ, ಗಂಡನ ಮನೆಯ ಹಿರಿಯರು ಕೇಶ ತೆಗೆಸಬೇಕೆಂದು ಪಟ್ಟುಹಿಡಿದರು. ನಮ್ಮ ತಾತ ಸುದ್ದಿ ತಿಳಿದೊಡನೆ ಹೊರಟುಹೋಗಿ, "ಅವಳ ತಲೆ ಅವಳದು" ಎಂದಷ್ಟೇ ಹೇಳಿ ಮಗಳನ್ನು ಕರೆದುಕೊಂಡು ಬಂದರಂತೆ. ಅರುವತ್ತು ವರ್ಷಕ್ಕೂ ಮೇಲೆ ಉಳಿಸಿಕೊಂಡಿದ್ದ ಆ ಜಡೆಯನ್ನು, ಒಣಗಿಸುವ ತೊಂದರೆ ತಪ್ಪಲೆಂದು, ನನ್ನ ಒಪ್ಪಿಗೆ ಪಡೆದೇ ಕತ್ತರಿಸಿದ್ದರು.

"ಬೇಡವೆನ್ನಬಾರದಾಗಿತ್ತೇ, ಅತ್ತೆ?" ಎಂದೆ.

"ಹೇಗೆ ಹೇಳಲಿ, ಮಗು? ನನ್ನ ಮೈ ತೊಳೆಯುವವರು ಅವರು. ನಾಳೆಯೂ ಅವರೇ ತೊಳೆಯಬೇಕಲ್ಲ?" ಸ್ವಲ್ಪ ತಡೆದು, "ನಿನ್ನನ್ನು ಕೇಳಿದರಂತೆ" ಎಂದರು.

ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಆ ದಿನದಿಂದ ಈ ವಿಷಯವನ್ನು ಯೋಚಿಸುತ್ತಿದ್ದೇನೆ. ಇಂಥ ಸ್ಥಳಗಳಲ್ಲಿ ಕ್ರೌರ್ಯವಿದ್ದರೆ ನಾವು ಸಿಡಿದೇಳುತ್ತೇವೆ. ಆದರೆ ಕ್ರೌರ್ಯವಿಲ್ಲದ ಕಡೆಯೂ ಮನುಷ್ಯನ ಸ್ವಾತಂತ್ರ್ಯ ಸದ್ದಿಲ್ಲದೆ ಕರಗಿಹೋಗಬಲ್ಲದು. ಯಾವಾಗ ಏಳಬೇಕು, ಯಾವಾಗ ದೀಪ ಆರಿಸಬೇಕು, ಯಾರ ಪಕ್ಕದಲ್ಲಿ ಮಲಗಬೇಕು ಎಂಬುದೆಲ್ಲವೂ ಅನ್ಯರ ಅನುಕೂಲಕ್ಕೆ ತಕ್ಕಂತೆ ಗೊತ್ತಾಗುತ್ತದೆ. ಆಕ್ಷೇಪಿಸಿದರೆ ಕೃತಘ್ನತೆ ಎನಿಸೀತೆಂಬ ದಾಕ್ಷಿಣ್ಯವೊಂದು, ನಾಳೆಯೂ ಅದೇ ಕೈಗಳನ್ನು ನಂಬಬೇಕೆಂಬ ಭಯವೊಂದು, ಇವೆರಡೂ ಸೇರಿ ವೃದ್ಧರ ಬಾಯನ್ನು ಕಟ್ಟುತ್ತವೆ.

ಕಾನೂನು ಇಲ್ಲವೆಂದಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ನಮ್ಮ ದೇಶದಲ್ಲಿ ಶಾಸನವಾಯಿತು. ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಂತೆ, ರಾಜ್ಯ ಸರಕಾರವು ಸ್ಥಾಪಿಸಬಹುದೆಂದು ಅದರಲ್ಲಿದೆ. ಅಲ್ಲಿನ ವೈದ್ಯಕೀಯ ಆರೈಕೆ, ಮನರಂಜನೆಗಳಿಗೆ ನಿಯಮ ಮಾಡಬಹುದೆಂದೂ ಇದೆ. ಹಾಸಿಗೆಯ ಲೆಕ್ಕ ಅವಶ್ಯವೇ. ಆದರೆ ಹಾಸಿಗೆಯ ಮೇಲಿರುವವರ ಮಾತಿಗೂ ಒಂದು ಲೆಕ್ಕ ಬೇಡವೇ? 1991ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ವೃದ್ಧರ ಕುರಿತ 18 ತತ್ತ್ವಗಳಲ್ಲಿ ಇದಕ್ಕೆ ಉತ್ತರವಿದೆ. ಯಾವ ಆಶ್ರಯದಲ್ಲಿದ್ದರೂ ವೃದ್ಧರ ಘನತೆ, ನಂಬಿಕೆ, ಏಕಾಂತಗಳಿಗೆ ಪೂರ್ಣ ಗೌರವವಿರಬೇಕು. ತಮ್ಮ ಆರೈಕೆಯ ವಿಷಯದಲ್ಲಿ ತಾವೇ ನಿರ್ಧರಿಸುವ ಹಕ್ಕು ಅವರಿಗಿರಬೇಕು ಎಂಬುದೇ ಅದರ ತಾತ್ಪರ್ಯ.

ಆದರೆ ಹಕ್ಕನ್ನು ಬಾಯಿಬಿಟ್ಟು ಕೇಳಲಾರದವರ ಗತಿಯೇನು? ಅಮೆರಿಕ ದೇಶದಲ್ಲಿ ಇದಕ್ಕೊಂದು ಏರ್ಪಾಡುಂಟು. 1972ರಲ್ಲಿ ಪ್ರಯೋಗವಾಗಿ ಆರಂಭವಾಗಿ, 1978ರಿಂದ ಪ್ರತಿಯೊಂದು ರಾಜ್ಯಕ್ಕೂ ಕಡ್ಡಾಯವಾದ ಆ ಪದ್ಧತಿಯಂತೆ, ಆಶ್ರಮದ ನೌಕರರಲ್ಲದ ಒಬ್ಬರು ಬಂದು ನಿವಾಸಿಗಳ ಬಳಿ ಕುಳಿತು ಕುಂದುಕೊರತೆಗಳನ್ನು ಕೇಳುತ್ತಾರೆ. ಇವರಲ್ಲಿ ಸ್ವಯಂಸೇವಕರೂ ಅನೇಕರು. ದೂರಿತ್ತವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ನಮ್ಮಲ್ಲಿ 14567 ಎಂಬ ಸಂಖ್ಯೆಗೆ ಹಿರಿಯರು ಫೋನು ಮಾಡಬಹುದು, ಒಳ್ಳೆಯದೇ. ಆದರೆ ಹಾಸಿಗೆ ಹಿಡಿದವರ ಕೈಗೆ ಫೋನನ್ನು ಕೊಡತಕ್ಕವರು ಯಾರು?

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹುಟ್ಟುಹಬ್ಬ, ಶ್ರಾದ್ಧಗಳ ದಿನ ಆಶ್ರಮಗಳಿಗೆ ಊಟ ಹಾಕಿಸುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಊಟ ಹಾಕಿಸಿದವರು ಒಂದು ಗಳಿಗೆ ಕುಳಿತು, ಬಾಗಿಲಿಗೆ ಬೆನ್ನುಮಾಡಿ ಮಲಗಿದವರನ್ನು, "ನಿಮಗೇನು ಬೇಕು? ಏನು ಬೇಡ?" ಎಂದು ಕೇಳಲಿ. ನಮ್ಮ ಸಂಘದವರು ತಿಂಗಳಿಗೊಮ್ಮೆ ಸರದಿಯಂತೆ ಹೋಗಿಬಂದರೂ ಸಾಕು. ನನ್ನಂಥ ಬಂಧುಗಳು ಅವರ ಪರವಾಗಿ ಒಪ್ಪಿಗೆ ಕೊಡುವ ಮೊದಲು ಅವರನ್ನೇ ಕೇಳಲಿ.

ಕಳೆದ ತಿಂಗಳು ಆಶ್ರಮದಿಂದ ಮತ್ತೆ ಫೋನು ಬಂದಿತು. ಅಜ್ಜಿಯ ಮಂಚವನ್ನು ಕಿಟಕಿಯ ಬಳಿಯಿಂದ ಒಳಗಿನ ಕೋಣೆಗೆ ಸಾಗಿಸಬಹುದೇ ಎಂದು ಕೇಳಿದರು. "ಅವರನ್ನೇ ಕೇಳಿ, ನಾನು ಕಾಯುತ್ತೇನೆ" ಎಂದೆ. ದೂರದಲ್ಲಿ ಏನೋ ಮಾತು ನಡೆಯಿತು. ಬಳಿಕ ಅತ್ತೆಯವರ ಕ್ಷೀಣವಾದ, ಆದರೆ ಸ್ಪಷ್ಟವಾದ ಧ್ವನಿ ಕೇಳಿಸಿತು: "ಬೇಡ."

ಮಂಚ ಈಗಲೂ ಕಿಟಕಿಯ ಬಳಿಯಲ್ಲೇ ಇದೆ.