ಗೋಡೆಗಲ್ಲ, ತಾರಸಿಗೆ ಹತ್ತಿ

ಮೊದಲನೇ ಫೋಟೋ ನಕ್ಷೆ ಅಲ್ಲ, ನಮ್ಮ ಗುಂಡ್ಲುಪೇಟೆ ಮನೆಯ ಒಳಗೋಡೆ. ಹೋದ ವರ್ಷ ಚಿತ್ತೆ ಮಳೆ ನಿಂತು ವಾರ ಆಗಿತ್ತು. ಬಣ್ಣ ಬೊಬ್ಬೆ ಎದ್ದು, ಮೂಲೇಲಿ ಕಪ್ಪು ಬೂಷ್ಟು. ಆ ಗೋಡೆ ಪಕ್ಕದಲ್ಲೇ ಅವ್ವನ ಮಂಚ. ಅವ್ವಂಗೆ ಉಬ್ಬಸ.

ನಾನೇನು ಮಾಡಿದ್ದೆ ಗೊತ್ತಾ? ಮೂರು ವರ್ಷದಲ್ಲಿ ಮೂರು ಸಲ ಬಣ್ಣ ಹೊಡೆಸಿದ್ದೆ. ದೀಪಾವಳಿಗೆ ಬೆಳ್ಳಗೆ, ಭರಣಿ ಮಳೆಗೆ ಮತ್ತೆ ಹಳದಿ. ಅವ್ವ ಮಂಚಾನ ಒಂದು ಗೇಣು ಈಚೆಗೆ ಎಳ್ಕೊಂಡು, "ಗೋಡೇಲಿ ಏನದ ಮಗ, ಮೇಲ್ಗಡೆ ನೋಡು" ಅಂತಿದ್ಲು. ಕೇಳಲಿಲ್ಲ. ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯ್ತು. ಡಾಕ್ಟರ್ ಕೇಳಿದ್ರು, ಮಲಗೋ ರೂಮಲ್ಲಿ ಬೂಷ್ಟು ಇದೆಯಾ ಅಂತ.

ಮುಂಚೆ ಇದೇ ಜಾಗದಲ್ಲಿ ನಾಡಹಂಚಿನ ಮನೆ ಇತ್ತು. ಯುಗಾದಿ ಕಳೆದ ಮೇಲೆ ತಾತ ಆಳು ಕರೆದು ಹಂಚು ಕೈಯಾಡಿಸೋರು. ಒಡೆದದ್ದು ತೆಗೆದು, ತರಗೆಲೆ ಗುಡಿಸಿ, ಸರಿದದ್ದನ್ನ ಕೂರಿಸೋದು. ಮೋಲ್ಡ್ ಹಾಕಿದ ಮೇಲೆ ಆ ಕೆಲಸಾನೇ ಮರೆತುಬಿಟ್ವಿ. ಸಿಮೆಂಟಿಗೇನಾಗ್ತದೆ ಅನ್ನೋ ಧೈರ್ಯ.

ಸಂಕ್ರಾಂತಿ ಆದ ಮೇಲೆ ಹತ್ತಿ ನೋಡಿದೆ. ನೀರು ಹೋಗೋ ಪೈಪಿನ ಬಾಯಲ್ಲಿ ಎಲೆ, ಮಣ್ಣು, ಒಂದು ರಬ್ಬರ್ ಚೆಂಡು! ಸರಿಯಾಗಿ ಅವ್ವನ ರೂಮಿನ ಮೇಲೇ ನೀರು ನಿಂತ ಕಲೆ. ಮೇಸ್ತ್ರಿ ಒಂದು ಉಪಾಯ ಹೇಳ್ಕೊಟ್ರು. ತಾರಸಿ ಗುಡಿಸಿ, ನೀರು ಹಾಕಿ, ಒಣಗೋಕೆ ಬಿಡಿ. ಸುತ್ತ ಎಲ್ಲ ಒಣಗಿದ್ರೂ ಬಿರುಕಿನ ಗೆರೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಒದ್ದೆ ಇರ್ತದೆ. ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ (ಎರಡನೇ ಫೋಟೋ). ನಮ್ಮದು ಪ್ಯಾರಪೆಟ್ ಗೋಡೆ ತಾರಸಿಗೆ ಸೇರೋ ಸಂದಿಯಲ್ಲೇ ಉದ್ದಕ್ಕೆ ಬಿಟ್ಟಿತ್ತು. ಬಿರುಕನ್ನ ಕೊರೆದು ಅಗಲ ಮಾಡಿ, ಧೂಳು ತೆಗೆದು, ಪಾಲಿಮರ್ ಗಾರೆ ತುಂಬಿ, ಸಂದಿಯನ್ನ ಇಳಿಜಾರಾಗಿ ಉಜ್ಜಿದ್ರು. ಆಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್. ಪೂರ್ತಿ ಒಣಗಿದ ಮೇಲೇ ಹೊಡೀಬೇಕು, ಅವಸರ ಮಾಡಿದ್ರೆ ಸಿಪ್ಪೆ ಥರ ಏಳ್ತದೆ. ಒಳಗೋಡೆಗೆ ಎರಡು ತಿಂಗಳು ಬಣ್ಣ ಇಲ್ಲ. ಬಂದ ನೆಂಟರೆಲ್ಲ ಕೇಳಿದ್ದೇ ಕೇಳಿದ್ದು.

ಚಾಮರಾಜನಗರದಲ್ಲಿ ಅಕ್ಕನ ಮನೇದು ಬೇರೆ ಕತೆ. ಅಲ್ಲಿ ಗೋಡೆ ಬುಡದಿಂದ ಮೊಣಕಾಲೆತ್ತರಕ್ಕೆ ಉಪ್ಪು ಬಿಡ್ತದೆ. ಅದು ಮೇಲಿಂದ ಇಳಿದ ನೀರಲ್ಲ, ನೆಲದಿಂದ ಏರಿದ್ದು. ತಾರಸಿಗೆ ಎಷ್ಟು ದುಡ್ಡು ಸುರಿದ್ರೂ ದಂಡ. ಹೊಸದಾಗಿ ಪಾಯ ಹಾಕ್ತಿರೋರು, ಪಾಯದ ಮೇಲೆ ತೇವ ತಡೆಯೋ ಪಟ್ಟಿ ಹಾಕ್ತಾರಾ ಅಂತ ಈಗಲೇ ಕೇಳ್ಕೊಳ್ಳಿ. ಗೋಡೆ ಎದ್ದ ಮೇಲೆ ಅದು ಬಹಳ ಕಷ್ಟ.

ನಮ್ಮ ಕಡೆ ಮಳೆ ಎರಡು ಸಲ ಜೋರು, ಮೇನಲ್ಲೊಂದು, ಅಕ್ಟೋಬರಿನಲ್ಲೊಂದು. ಅದಕ್ಕೇ ಯುಗಾದಿ ಆದ ಮೇಲೊಮ್ಮೆ, ಗಣೇಶನ್ನ ಬಿಟ್ಟ ಮೇಲೊಮ್ಮೆ ಹತ್ತಿ. ಪೊರಕೆ ತಗೊಂಡೇ ಹೋಗಿ.

ಕೊನೇ ಫೋಟೋ ಈ ವರ್ಷ ಚಿತ್ತೆ ಮಳೆಯ ಮಾರನೇ ದಿನದ್ದು. ಅವ್ವ ಮಂಚಾನ ವಾಪಸ್ ಗೋಡೆಗೆ ಒತ್ತಿ ಹಾಕ್ಕೊಂಡಿದ್ದಾಳೆ. ಕಿಟಕಿ ಸಜ್ಜದ ಹತ್ರ ಬೊಟ್ಟಿನಷ್ಟು ಕಲೆ ಇನ್ನೂ ಅದೆ, ನೋಡಿ. ಭಾನುವಾರ ಹತ್ತಬೇಕು.

#ಗುಂಡ್ಲುಪೇಟೆ #ಚಾಮರಾಜನಗರ #ಮನೆಕತೆ