ಹಾಡಿನ ಮಾತು, ಸಾಕ್ಷಿಯ ಮಾತು

ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನದ ನ್ಯಾಯಾಲಯವೊಂದರಲ್ಲಿ 2008ರಲ್ಲಿ ಒಂದು ವಿಚಿತ್ರವಾದ ಕಾವ್ಯವಾಚನ ನಡೆಯಿತು. ವಾಚಿಸಿದವನು ಕವಿಯಲ್ಲ, ಗಮಕಿಯೂ ಅಲ್ಲ, ಪೊಲೀಸು ಪತ್ತೇದಾರ. ಕೊಲೆಯ ಪ್ರಯತ್ನದ ಆರೋಪಕ್ಕೆ ಗುರಿಯಾಗಿದ್ದ ತರುಣನೊಬ್ಬನು ಬರೆದಿಟ್ಟುಕೊಂಡಿದ್ದ ರ‍್ಯಾಪ್ ಹಾಡುಗಳು ಕಾರೊಂದರ ಹಿಂದಿನ ಆಸನದಲ್ಲಿ ದೊರೆತಿದ್ದುವು. ಅವುಗಳಲ್ಲಿ ಹದಿಮೂರು ಪುಟಗಳನ್ನು ಜ್ಯೂರಿಯ ಮುಂದೆ ಓದಲಾಯಿತು. ಪುಟದ ತುಂಬ ಬಂದೂಕು, ನೆತ್ತರು, ಸೇಡು. ಹಾಡುಗಳಲ್ಲಿ ಬಹುಪಾಲು ಆ ಘಟನೆಗೆ ಎಷ್ಟೋ ಮೊದಲೇ ಬರೆದವು; ಹಾಡಿನ ವಿವರಕ್ಕೂ ಅಪರಾಧದ ವಿವರಕ್ಕೂ ನೇರವಾದ ಗಂಟನ್ನು ಯಾರೂ ಹಾಕಿ ತೋರಿಸಿರಲಿಲ್ಲ. ಆದರೂ ಜ್ಯೂರಿ ಅವನನ್ನು ಅಪರಾಧಿಯೆಂದಿತು. ಮೂವತ್ತು ವರ್ಷಗಳ ಸಜೆಯಾಯಿತು.

ತಾಳವಿಲ್ಲದೆ, ಲಯವಿಲ್ಲದೆ, ಪಂಚನಾಮೆಯನ್ನು ಓದುವ ಧ್ವನಿಯಲ್ಲಿ ಓದಿದರೆ ಯಾವ ಹಾಡು ತಾನೇ ತಪ್ಪೊಪ್ಪಿಗೆಯಂತೆ ಕೇಳಿಸದು? ಯುದ್ಧವರ್ಣನೆಯ ಪದ್ಯವೊಂದನ್ನು ಠಾಣೆಯ ದಫೇದಾರನಿಂದ ಓದಿಸಿದರೆ ಕವಿಗೆ ಜಾಮೀನು ಸಿಗುವುದೂ ಕಷ್ಟವೇ ಸರಿ.

ರ‍್ಯಾಪ್ ಎಂಬುದು ಹಾಡಿಗಿಂತ ಮಾತಿಗೆ ಹತ್ತಿರವಾದ ಹಾಡು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ವಸತಿ ಕಟ್ಟಡವೊಂದರಲ್ಲಿ, ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ಯುವಕ ಮತ್ತು ಅವನ ತಂಗಿ ಏರ್ಪಡಿಸಿದ ಸಂತೋಷಕೂಟವನ್ನು ಹಿಪ್‌ಹಾಪ್ ಸಂಸ್ಕೃತಿಯ ಹುಟ್ಟುಹಬ್ಬವೆಂದು ಎಣಿಸುವುದು ವಾಡಿಕೆ. ಹುಟ್ಟು ಅಂದಿನದಾದರೂ ಬೇರು ಬಹಳ ಹಳೆಯದು. ಗುಲಾಮಗಿರಿಯ ಕಾಲದಲ್ಲಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರು ‘ಕಾನಾನ್’ ಎಂಬ ಪುಣ್ಯಭೂಮಿಯನ್ನು ಕುರಿತು ಹಾಡುತ್ತಿದ್ದರು. ಒಡೆಯನ ಕಿವಿಗೆ ಅದು ದೇವರ ನಾಮ. ಹಾಡುವವರಲ್ಲಿ ಹಲವರಿಗೆ ಅದು ಗುಲಾಮಗಿರಿಯಿಲ್ಲದ ಉತ್ತರದ ಸೀಮೆ. ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1855ರ ತನ್ನ ಆತ್ಮಕಥೆಯಲ್ಲಿ ಈ ಗುಟ್ಟನ್ನು ಬಿಡಿಸಿ ಹೇಳಿದ್ದಾನೆ. ಎರಡು ಕಿವಿಗಳಿಗೆ ಎರಡು ಅರ್ಥ ಕೊಡುವ ವಿದ್ಯೆಯನ್ನು ಈ ಜನ ಅಲಂಕಾರಶಾಸ್ತ್ರದಿಂದ ಕಲಿಯಲಿಲ್ಲ. ಬೆನ್ನಿನ ಮೇಲೆ ಚಾವಟಿಯಿದ್ದಾಗ ಕಲಿತರು.

ಇನ್ನೊಂದು ಬೇರು ‘ಡಜನ್ಸ್’ ಎಂಬ ಬೈಗುಳದ ಆಟ. ಇಬ್ಬರು ಎದುರುಬದುರು ನಿಂತು ಒಬ್ಬರ ಮನೆತನವನ್ನೊಬ್ಬರು, ವಿಶೇಷವಾಗಿ ತಾಯಿಯನ್ನು, ಹಳಿಯಬೇಕು. ಸುತ್ತ ನಿಂತವರು ನಗಬೇಕು. ಮಾತಿಗೆ ಮಾತು ಸಿಗದೆ ಸಿಟ್ಟಿಗೆದ್ದವನು ಸೋತಂತೆ. ಇಲ್ಲಿ ಆಡಿದ ಮಾತು ನಿಜವಲ್ಲವೆಂಬುದು ಆಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ರ‍್ಯಾಪ್ ಹಾಡುಗಾರನ ಬಡಾಯಿಯ ಗುಟ್ಟೂ ಬಹಳಮಟ್ಟಿಗೆ ಇಲ್ಲಿದೆ. ‘ನಾನು’ ಎಂದು ಆರ್ಭಟಿಸುವವನು ಹಾಡುಗಾರನೇ ಆಗಿರಬೇಕಾಗಿಲ್ಲ. ಅವನು ಕಟ್ಟಿಕೊಂಡ ವೇಷವಾಗಿರಬಹುದು.

ಈ ವೇಷವನ್ನು ಮುಖವೆಂದು ನಂಬಿದರೆ ಆಗುವ ಅನಾಹುತವನ್ನು ಹಾಡುಗಾರರೇ ಚಿತ್ರಿಸಿದ್ದಾರೆ. ಎಮಿನೆಮ್ ಎಂಬ ಬಿಳಿಯ ರ‍್ಯಾಪ್ ಗಾಯಕ ‘ಸ್ಲಿಮ್ ಶೇಡಿ’ ಎಂಬ ಪುಂಡ ಪಾತ್ರವನ್ನು ಸೃಷ್ಟಿಸಿ ಹೆಸರುವಾಸಿಯಾದವನು. 2000ದಲ್ಲಿ ಬಂದ ಅವನ ‘ಸ್ಟಾನ್’ ಎಂಬ ಹಾಡು ಪತ್ರರೂಪದ ಕಥೆ. ಸ್ಟಾನ್ ಎಂಬ ಅಭಿಮಾನಿ ಗಾಯಕನ ಪ್ರತಿಯೊಂದು ಮಾತನ್ನೂ ಅಕ್ಷರಶಃ ನಂಬಿ ಪತ್ರ ಬರೆಯುತ್ತಾನೆ. ಉತ್ತರ ಬರುವುದಿಲ್ಲ. ಮತ್ತೆ ಬರೆಯುತ್ತಾನೆ, ಅಕ್ಕರೆ ಹೋಗಿ ಅಸಮಾಧಾನ, ಅಸಮಾಧಾನ ಹೋಗಿ ಕ್ರೋಧ. ಮೂರನೆಯದನ್ನು ಕುಡಿದು ಕಾರು ಓಡಿಸುತ್ತ ಧ್ವನಿಸುರುಳಿಯಲ್ಲಿ ತುಂಬುತ್ತಾನೆ; ಗರ್ಭಿಣಿಯಾದ ಪ್ರೇಯಸಿ ಅದೇ ಕಾರಿನ ಹಿಂದಿನ ಡಿಕ್ಕಿಯಲ್ಲಿ ಬಂದಿಯಾಗಿದ್ದಾಳೆ. ಕಾರು ಸೇತುವೆಯಿಂದ ನೀರಿಗೆ ಬೀಳುತ್ತದೆ. ಕಡೆಯ ಭಾಗದಲ್ಲಿ ಗಾಯಕನ ಉತ್ತರ ಬರುತ್ತದೆ. ತಾನು ಹಾಡಿದ್ದು ತಮಾಷೆಗೆ, ನಿನಗೆ ವೈದ್ಯರ ನೆರವು ಬೇಕು ಎಂದು ಅಣ್ಣನಂತೆ ಬುದ್ಧಿ ಹೇಳುತ್ತ, ಈಚೆಗೆ ಸುದ್ದಿಯಲ್ಲಿ ಕಂಡ ಇಂಥದೇ ಒಬ್ಬನ ದುರಂತವನ್ನು ಉದಾಹರಿಸತೊಡಗುತ್ತಾನೆ. ಸತ್ತವನ ಹೆಸರೇನಿತ್ತು ಎಂದು ನೆನಪಿಸಿಕೊಳ್ಳುವಾಗ ಲೇಖನಿ ನಿಲ್ಲುತ್ತದೆ. ತಪ್ಪು ಓದಿನ ವಿಷಯದಲ್ಲಿ ಇಷ್ಟು ಕನಿಕರದಿಂದ ಬರೆದ ವಿಮರ್ಶಾಪ್ರಬಂಧಗಳು ವಿರಳ. ಆ ಹೆಸರು ಇಂದು ‘ಅತಿಯಾದ ಅಭಿಮಾನಿ’ ಎಂಬ ಅರ್ಥದಲ್ಲಿ ಇಂಗ್ಲಿಷ್ ನಿಘಂಟುಗಳನ್ನೇ ಸೇರಿದೆ.

ಇಷ್ಟರಿಂದ ವ್ಯಾಖ್ಯಾನ ಸುಲಭವೆಂದು ತಿಳಿಯಬಾರದು. ರ‍್ಯಾಪ್ ಕಿವಿಯ ಕಾವ್ಯ. ಒಂದೇ ಉಚ್ಚಾರಣೆಯಲ್ಲಿ ಎರಡು ಪದಗಳು ಕೇಳಿಸುವಂತೆ ಕವಿ ಹೆಣೆದಿರುತ್ತಾನೆ. ಬರೆದುಕೊಳ್ಳುವವನು ಒಂದನ್ನು ಆರಿಸಿದೊಡನೆ ಶ್ಲೇಷ ಸತ್ತುಹೋಗುತ್ತದೆ. 2010ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ರ‍್ಯಾಪ್ ಸಾಹಿತ್ಯದ ಬೃಹತ್ ಸಂಕಲನವೊಂದನ್ನು ಹೊರತಂದಾಗ, ಸಾಲುಗಳನ್ನು ತಪ್ಪಾಗಿ ಕೇಳಿಸಿಕೊಂಡು ಬರೆದ ಪ್ರಸಂಗಗಳು ಅನೇಕವೆಂದು ವಿಮರ್ಶಕರು ಎತ್ತಿ ತೋರಿಸಿದರು. ಪಂಡಿತರ ಕಿವಿಯ ಪಾಡೇ ಹೀಗಾದರೆ ಪತ್ತೇದಾರನ ಪಾಡೇನು? ಅದೇ ವರ್ಷ ಜೇ ಜೀ ಎಂಬ ಪ್ರಸಿದ್ಧ ಗಾಯಕ ತನ್ನ ಹಾಡುಗಳಿಗೆ ತಾನೇ ಟಿಪ್ಪಣಿ ಬರೆದು ‘ಡಿಕೋಡೆಡ್’ ಎಂಬ ಪುಸ್ತಕ ಪ್ರಕಟಿಸಿದನು. ನಮ್ಮ ಕವಿಗಳು ಮಲ್ಲಿನಾಥನಿಗಾಗಿ ಕಾದರು. ಈತನಿಗೆ ಅಷ್ಟು ತಾಳ್ಮೆಯಿರಲಿಲ್ಲ. 2018ರಲ್ಲಿ ಕೆಂಡ್ರಿಕ್ ಲಮಾರನ ‘ಡ್ಯಾಮ್’ ಎಂಬ ಹಾಡುಗಳ ಸಂಪುಟಕ್ಕೆ ಪುಲಿಟ್ಜರ್ ಪಾರಿತೋಷಕವೂ ಬಂತು. ಶಾಸ್ತ್ರೀಯ ಸಂಗೀತ ಮತ್ತು ಜಾಝ್‌ಗಳ ಹೊರಗಿನ ಕೃತಿಗೆ ಸಂಗೀತದ ಆ ಮನ್ನಣೆ ಸಂದುದು ಅದೇ ಮೊದಲು.

ನ್ಯೂ ಜೆರ್ಸಿಯ ತರುಣನ ಶಿಕ್ಷೆಯನ್ನು ಮೇಲಿನ ನ್ಯಾಯಾಲಯವು 2012ರಲ್ಲಿ ರದ್ದುಮಾಡಿತು. 2014ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದು, ಮರುವಿಚಾರಣೆಗೆ ದಾರಿಮಾಡಿತು. ಅವನು ನಿರ್ದೋಷಿಯೆಂದು ಅದು ಹೇಳಲಿಲ್ಲ; ಹಾಡನ್ನು ಹಾಗೆ ಓದಿಸಿದ್ದು ತಪ್ಪೆಂದು ಮಾತ್ರ ಹೇಳಿತು. ಶೆರಿಫನನ್ನು ಕೊಂದೆನೆಂದು ಹಾಡಿದ ಬಾಬ್ ಮಾರ್ಲಿ ನಿಜವಾಗಿಯೂ ಕೊಂದನೆಂದಾಗಲಿ, ಹೆಣವನ್ನು ನೆಲದಡಿ ಹೂಳಿದ ಕಥೆ ಬರೆದ ಎಡ್ಗರ್ ಅಲನ್ ಪೋ ತಾನೇ ಹೂಳಿದನೆಂದಾಗಲಿ ಯಾರೂ ಊಹಿಸುವುದಿಲ್ಲವೆಂಬುದು ನ್ಯಾಯಮೂರ್ತಿಗಳ ವಾದ. 2022ರಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನವು ಈ ಬಗೆಗೆ ಕಾಯಿದೆಯನ್ನೇ ಮಾಡಿತು. ಹಾಡನ್ನು ಸಾಕ್ಷ್ಯವಾಗಿ ತರಬಯಸಿದರೆ ಅಲ್ಲಿನ ನ್ಯಾಯಾಧೀಶರು ಮೊದಲು ಜ್ಯೂರಿಯನ್ನು ಹೊರಗಿರಿಸಿ ವಿಚಾರಣೆ ನಡೆಸಬೇಕು. ಆ ಪ್ರಕಾರದ ಸಂಪ್ರದಾಯವನ್ನೂ ಕಟ್ಟುಪಾಡುಗಳನ್ನೂ ಬಲ್ಲವರು ಬಂದು ನುಡಿದರೆ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು. ಹಾಗೆ ವ್ಯಾಖ್ಯಾನಕಾರನಿಗೂ ಕೋರ್ಟಿನಲ್ಲಿ ಒಂದು ಕುರ್ಚಿ ದೊರೆತಿದೆ.