ಮುಚ್ಚಿದ ಸ್ಟೇಷನ್ನಿನಲ್ಲಿ ಬಿಯರ್ ಹಬ್ಬ

ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಗೆಳೆಯ ಮೊನ್ನೆ ಆಕ್ಸನ್‌ಹೋಪ್ ಎಂಬ ರೈಲು ಸ್ಟೇಷನ್ನಿಂದ ವಿಡಿಯೊ ಕಾಲ್ ಮಾಡಿದ್ದ. ಅಲ್ಲಿ ಬಿಯರ್ ಹಬ್ಬ. ಶೆಡ್ಡಿನೊಳಗೆ ಸಾಲಾಗಿ ಪೀಪಾಯಿ, ಹೊರಗೆ ಉಗಿಬಂಡಿ. ‘ಕುಡಿಯೋದಕ್ಕೂ ಒಂದು ಹಬ್ಬವೇನೋ?’ ಎಂದು ನಕ್ಕೆ.

ಆಮೇಲೆ ಅದರ ಕಥೆ ಓದಿದೆ. ಕೀತ್ಲಿಯಿಂದ ಆಕ್ಸನ್‌ಹೋಪ್‌ವರೆಗೆ ಸುಮಾರು 8 ಕಿ.ಮೀ. ಹಳಿ. 1962ರಲ್ಲಿ ಅದನ್ನು ಮುಚ್ಚಿದರು. ಊರವರು ಸುಮ್ಮನಿರಲಿಲ್ಲ. ಸಂಘ ಕಟ್ಟಿ, 1968ರಲ್ಲಿ ತಾವೇ ರೈಲು ಓಡಿಸಿದರು. ಇವತ್ತಿಗೂ ಗಾರ್ಡು, ಡ್ರೈವರುಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು.

ಆ ಬಿಯರಿಗೆ ‘ರಿಯಲ್ ಏಲ್’ ಅಂತ ಹೆಸರು. ಪೀಪಾಯಿಯಲ್ಲೂ ಯೀಸ್ಟ್ ಜೀವಂತವಾಗಿದ್ದು ಹುದುಗುತ್ತಲೇ ಇರುತ್ತದೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ನಮ್ಮ ಈಚಲ ಹೆಂಡದಂತೆ ಇದೂ ಬಹಳ ದಿನ ತಾಳದು. ದೊಡ್ಡ ಕಂಪನಿಗಳ ಗ್ಯಾಸ್ ಬಿಯರಿನ ಎದುರು ಇದು ಮರೆಯಾಗುತ್ತಿದ್ದಾಗ, 1971ರಲ್ಲಿ ಕುಡಿಯುವವರೇ ಚಳವಳಿ ಶುರುಮಾಡಿ ಉಳಿಸಿಕೊಂಡರು.

ನಾನು ಕುಡಿತದ ಪರ ಅಲ್ಲ. ಅಪ್ಪನ ಕುಡಿತ ನೋಡಿಯೇ ಬೆಳೆದವನು. ಆದರೆ ಆ ಜನ ಹಟ ಹಿಡಿದದ್ದು ಮನಸ್ಸಿಗೆ ನಾಟಿತು.

ನಮ್ಮೂರಿನ ಹಳೇ ಸ್ಟೇಷನ್ ಕೆಡವಿದ ದಿನ ನಾನು ಅಲ್ಲೇ ನಿಂತಿದ್ದೆ. ನಾಲ್ಕು ಸಾಲಿನ ಸುದ್ದಿ ಕಳಿಸಿದೆ, ಅಚ್ಚಾಗಲಿಲ್ಲ. ಮತ್ತೆ ಕೇಳಲೂ ಇಲ್ಲ. ಊರಲ್ಲೂ ಯಾರೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೊನ್ನೆ ಮಗಳು ‘ಅಪ್ಪಾ, ನಮ್ಮ ಸ್ಟೇಷನ್ ಹೇಗಿತ್ತು?’ ಎಂದಳು. ತೋರಿಸಲು ನನ್ನ ಹತ್ತಿರ ಒಂದು ಫೋಟೊ ಇಲ್ಲ, ಅದೂ ಪತ್ರಕರ್ತನ ಹತ್ತಿರ.

ನಿಮ್ಮೂರಲ್ಲಿ ಹಳೇ ಸ್ಟೇಷನ್ ಇನ್ನೂ ನಿಂತಿದ್ದರೆ, ಇವತ್ತೇ ಹೋಗಿ ಒಂದು ಫೋಟೊ ತೆಗೆದಿಡಿ. ಉಳಿಸುವ ಮಾತು ಅಲ್ಲಿಂದ ಶುರುವಾಗಲಿ.